ಏಳು ನಿಮಿಷದ ಚಿತ್ರಗಳು

ಸಿದ್ದಲಿಂಗಪ್ಪನ ದವಡೆ ಮುರಿದದ್ದು ಫೆಬ್ರುವರಿಯ ಎರಡನೆಯ ಭಾನುವಾರ, ಇನ್ನೇನು ಊಟಕ್ಕೆ ತಾಟು ಹಾಕಬೇಕು ಅನ್ನುವಾಗ. ಮುರಿದವನು ಅವನ ಮಗ ಈಶ್ವರ. ನಲವತ್ತೇಳು ವರ್ಷದ ಈಶ್ವರ ಅದುವರೆಗೆ ಯಾರ ಮೇಲೂ ಕೈ ಎತ್ತಿದವನಲ್ಲ. ಲೋಕಲ್ ಟ್ರೇನಿನಲ್ಲಿ ಯಾರಾದರೂ ಇವನ ಕಾಲು ತುಳಿದರೆ ಇವನೇ ಸಾರಿ ಅನ್ನುತ್ತಾನೆಂದು ಹೆಂಡತಿ ಮಾಧುರಿ ಆಡಿಕೊಳ್ಳುತ್ತಿದ್ದಳು.

ಮುಂಬಯಿಯ ಆಂಟಾಪ್ ಹಿಲ್‌ನ ಒಂದು ಬಿಲ್ಡಿಂಗಿನ ನಾಲ್ಕನೆಯ ಮಹಡಿಯಲ್ಲಿ ಅವರ ಮನೆ. ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಸಿದ್ದಲಿಂಗಪ್ಪ ಇಂಡಿ ಕಡೆಯವನು. ಇಪ್ಪತ್ತರ ಪ್ರಾಯದಲ್ಲಿ ಮುಂಬಯಿಗೆ ಬಂದು, ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಮೂಟೆ ಹೊತ್ತು, ಹಮಾಲರ ಮುಕಾದಮನಾಗಿ, ಆ ಸಂಪಾದನೆಯಿಂದಲೇ ಈ ಮನೆ ಮಾಡಿದವನು. ಈಗ ಎಪ್ಪತ್ತೈದು. ಮೊಣಕಾಲು ಹೋಗಿ ಕೈಗೆ ಬೆತ್ತ ಬಂದಿತ್ತು. ಗೋದಿಯಲ್ಲಿ ನಲವತ್ತು ಆಳುಗಳನ್ನು ಹದ್ದುಬಸ್ತಿನಲ್ಲಿಟ್ಟ ಕೈ ಅದು. ಮನೆಯಲ್ಲೂ ಹಾಗೆಯೇ ನಡೆದಿತ್ತು. ಈಶ್ವರನಿಗೆ ಎಡಗಿವಿ ಕೇಳಿಸುವುದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಹಾಲಿನ ಪಾತೇಲಿ ಉರುಳಿಸಿದ್ದಕ್ಕೆ ಬಿದ್ದ ಏಟಿನ ಫಲ ಅದು. ಆಗ ತಾಯಿ ಕಾಶವ್ವ ಶಾಲೆಗೆ ಹೋಗಿ, "ಹುಡುಗನ ಕಿವಿ ಸೋರತೈತ್ರಿ" ಎಂದು ಟೀಚರ್ ಬಾಯಿಯವರಿಗೆ ಹೇಳಿ ಬಂದಿದ್ದಳು.

ಈಶ್ವರನ ಕೆಲಸ ಅಂಧೇರಿಯಲ್ಲಿ. ಹಳೆಯ ಸಿನಿಮಾಗಳನ್ನು ಕಂಪ್ಯೂಟರಿನಲ್ಲಿ ಶುಚಿ ಮಾಡುವ ಒಂದು ಆಫೀಸು. ಎಂಟು ವರ್ಷದ ಕೆಳಗೆ ಅಲ್ಲಿಗೆ ಹೊರದೇಶದಿಂದ ಕಾರ್ಟೂನುಗಳು ಬರತೊಡಗಿದವು. ತೊಂಬತ್ತು ವರ್ಷ ಹಿಂದೆ ಥಿಯೇಟರುಗಳಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ ತೋರಿಸುತ್ತಿದ್ದ ಏಳೇಳು ನಿಮಿಷದ ಚಿತ್ರಗಳು. ಏಳು ನಿಮಿಷಕ್ಕೆ ಹತ್ತು ಸಾವಿರ ಚೌಕಟ್ಟು. ಒಂದೊಂದನ್ನೂ ತೆರೆದು, ಧೂಳಿನ ಚುಕ್ಕೆ, ಗೀರು, ಬೂಷ್ಟಿನ ಕಲೆ ಅಳಿಸಬೇಕು. ಯಾವುದು ಕೊಳೆ, ಯಾವುದು ಚಿತ್ರ ಬರೆದವನ ಗೆರೆ ಎಂದು ಗುರುತಿಸುವುದೇ ಕಷ್ಟದ ಕೆಲಸ. ಒಮ್ಮೆ ಅವನು ಗೀರುಗಳೆಂದು ಅಳಿಸಿದ್ದು ಮಳೆಯ ಹನಿಗಳಾಗಿದ್ದವು. ನಾಲ್ಕು ದಿನ ಕೂತು ಮತ್ತೆ ಒಂದೊಂದಾಗಿ ತಂದು ಕೂರಿಸಿದ್ದ.

ಶುಚಿಯಾದ ಚಿತ್ರಗಳು ವರ್ಷ ಎರಡು ವರ್ಷ ಬಿಟ್ಟು ಡಿಸ್ಕಾಗಿ ಬಿಡುಗಡೆಯಾಗುತ್ತಿದ್ದವು. ಮೊದಲ ಡಿಸ್ಕನ್ನು ಈಶ್ವರ ತನ್ನ ಕೈಕೆಲಸ ನೋಡುವುದಕ್ಕೆಂದು ತರಿಸಿದ. ಆಮೇಲೆ ಬೇರೆ ಊರುಗಳಲ್ಲಿ ಬೇರೆಯವರು ಶುಚಿ ಮಾಡಿದ್ದನ್ನೂ ತರಿಸತೊಡಗಿದ. ಹಾಲ್‌ನ ಕಪಾಟಿನಲ್ಲಿ ಈಗ ನೂರ ನಲವತ್ತು ಡಿಸ್ಕುಗಳು. ಯಾವುದರ ಮೇಲೂ ಅವನ ಹೆಸರಿಲ್ಲ. ಭಾನುವಾರ ಸ್ನಾನವಾದ ಮೇಲೆ ಎರಡು ಚಿತ್ರ ಹಾಕಿಕೊಂಡು ನೋಡುವುದು, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿ ಇಡುವುದು. ಆ ಹದಿನಾಲ್ಕು ನಿಮಿಷ ಅವನ ಮುಖ ಬೇರೆಯೇ ಇರುತ್ತಿತ್ತು.

ಆ ಶನಿವಾರ ಅವನು ಬಹಳ ದಿನದಿಂದ ಕಾಯುತ್ತಿದ್ದ ಮೂರು ಡಿಸ್ಕಿನ ಪೆಟ್ಟಿಗೆ ಬಂದಿತ್ತು. ದೋಬಿಯ ಅಂಗಡಿ ನಡೆಸುವ ಒಂದು ಬಾತುಕೋಳಿಯ ಚಿತ್ರ ಅದರಲ್ಲಿತ್ತು. ಅದಕ್ಕೆ ಅವನು ಹನ್ನೊಂದು ವಾರ ಕೂತಿದ್ದ. ಭಾನುವಾರ ಊಟದ ಹೊತ್ತಿಗೆ ಮುಂಚೆ ಉಗುರಿನಿಂದ ಮೆಲ್ಲಗೆ ಪ್ಲಾಸ್ಟಿಕ್ ಹೊದಿಕೆ ಬಿಡಿಸಿ ಹಾಕಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕಾಶವ್ವ ಕತ್ತು ಹೊರಳಿಸಿ ನೋಡಿ ನಕ್ಕಳು.

"ಪೈಲವಾನನ ಚಡ್ಡಿ ಒಗಿಯಾಕತ್ತೈತಲ್ಲೋ ಅದು."

"ಇಸ್ತ್ರಿ ಮಾಡೂದು ನೋಡವ್ವಾ ಈಗ," ಎಂದ ಈಶ್ವರ.

ಅದೇ ಹೊತ್ತಿಗೆ ಕೋಣೆಯಲ್ಲಿ ಮಾಧುರಿ ಇನ್ನೂ ಮಲಗಿದ್ದ ಮಗ ಅಮೋಲ್‌ನನ್ನು ಎಬ್ಬಿಸುತ್ತಿದ್ದಳು. ಹದಿನೆಂಟರ ಅಮೋಲ್ ಹನ್ನೆರಡನೆಯ ಕ್ಲಾಸಿನಲ್ಲಿದ್ದ. ಹಾಜರಿ ಸಾಲದ್ದರಿಂದ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನಿಂದ ಹಿಂದಿನ ದಿನ ಮೆಸೇಜು ಬಂದಿತ್ತು. ತಗ್ಗಿದ ದನಿಯಲ್ಲಿ ಶುರುವಾದ ಮಾತು ಏರಿತು.

"ಎರಡು ತಿಂಗಳು ಬ್ಯಾಗ್ ಹಾಕ್ಕೊಂಡು ಎಲ್ಲಿಗೆ ಹೋಗತಿದ್ದಿ?"

"ಕಹಾಂ ಭೀ. ಸ್ಟೇಷನ್ ಮ್ಯಾಲೆ ಕುಂದರ್ತಿದ್ದೆ."

ಹಾಲ್‌ನಲ್ಲಿ ಪೇಪರು ಓದುತ್ತಿದ್ದ ಸಿದ್ದಲಿಂಗಪ್ಪನಿಗೆ ಅಷ್ಟು ಕೇಳಿಸಿದ್ದೇ ಸಾಕಾಯಿತು. ಕೂಗಿ ಕರೆದ. ಅಮೋಲ್ ಕಣ್ಣುಜ್ಜುತ್ತಾ ಬಂದು ನಿಂತ. ಮುದುಕ ಒಂದು ಮಾತೂ ಕೇಳದೆ ಬೆತ್ತ ಬೀಸಿದ. ಮೊದಲ ಏಟು ಹೆಗಲಿಗೆ, ಎರಡನೆಯದು ಮೊಣಕೈಗೆ ಬಿತ್ತು. ಹುಡುಗ ಗೋಡೆಯ ಮೂಲೆಗೆ ಸರಿದು ತಲೆ ಮುಚ್ಚಿಕೊಂಡ. ಮೂರನೆಯದು ಬೆರಳಿನ ಗಂಟುಗಳ ಮೇಲೆ ಬಿತ್ತು.

"ಅಪ್ಪಾ, ಬಿಡ್ರಿ," ಎಂದ ಈಶ್ವರ. ರಿಮೋಟ್ ಕೈಯಲ್ಲಿತ್ತು. ಕುರ್ಚಿಯಿಂದ ಎದ್ದಿರಲಿಲ್ಲ.

"ನೀ ಹಿಂಗ ಬಾತುಕೋಳಿ ನೋಡ್ಕೋತ ಕುಂತದ್ದಕ್ಕs ಇವ ಹಿಂಗಾಗ್ಯಾನ," ಎಂದ ಸಿದ್ದಲಿಂಗಪ್ಪ. ಮಾಧುರಿ ನಡುವೆ ಬಂದು ಮಗನನ್ನು ಮರೆ ಮಾಡಿ ನಿಂತಳು. ಬೆತ್ತ ಅವಳ ಮೇಲೆ ಏಳಲಿಲ್ಲ. ಮುದುಕ ಅವಳಿಂದ ತಿರುಗಿ ಟಿವಿಯ ಹತ್ತಿರ ಹೋದ. ಪ್ಲೇಯರಿನ ಗುಂಡಿಯೊತ್ತಿ ಡಿಸ್ಕು ಹೊರಗೆ ತೆಗೆದ.

"ಅದನ್ನ ಇಡ್ರಿ ಅಪ್ಪಾ."

"ಮಗನ ಕಿಂತಾ ಹೆಚ್ಚಾತಿದು ನಿನಗ?"

ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದ. ಗಾಜು ಒಡೆದಂಥ ಸದ್ದು. ಚೂರುಗಳು ನೆಲದ ಮೇಲೆ ಹಾರಿದವು. ಎರಡನೆಯದಕ್ಕಾಗಿ ಪೆಟ್ಟಿಗೆಗೆ ಕೈ ಹಾಕುವಷ್ಟರಲ್ಲಿ ಈಶ್ವರ ಎದ್ದಿದ್ದ. ಮೊದಲ ಗುದ್ದಿಗೆ ಮುದುಕ ಗೋಡೆಗೆ ಆತುಕೊಂಡ. ಎರಡನೆಯದಕ್ಕೆ ಒಣ ಸೌದೆ ಮುರಿದ ಹಾಗೆ ಏನೋ ಮುರಿಯಿತು. ಮೂರನೆಯದಕ್ಕೆ ಎತ್ತಿದ ಕೈಗೆ ಮಾಧುರಿ ಜೋತುಬಿದ್ದಳು. ಈಶ್ವರ ಅವಳನ್ನೂ ಕೊಡವಿದ. ಸಿದ್ದಲಿಂಗಪ್ಪ ಗೋಡೆಗುಂಟ ಜಾರಿ ನೆಲಕ್ಕೆ ಕೂತ. ಬಾಯಿಂದ ರಕ್ತ, ಜೊಲ್ಲು, ಒಂದು ಹಲ್ಲು ಅಂಗಿಯ ಮೇಲೆ ಬಿದ್ದವು. ಕಾಶವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು.

"ಬಾತ್‌ರೂಮ್ ಮೇಂ ಫಿಸಲ್ ಗಯೇ," ಎಂದಳು ಕಾಶವ್ವ. ಅಷ್ಟು ಹಿಂದಿ ಅವಳಿಗೆ ಬರುತ್ತಿತ್ತು.

ಡಾಕ್ಟರು ಈಶ್ವರನ ಊದಿದ ಬೆರಳ ಗಂಟುಗಳನ್ನು ನೋಡಿದರು. ಆಮೇಲೆ ಅಮೋಲ್‌ನ ಬೆರಳುಗಳನ್ನೂ ನೋಡಿದರು. "ಎಲ್ಲರೂ ಒಟ್ಟಿಗೇ ಜಾರಿದಿರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಶವ್ವ ಹೇಳಿದ್ದನ್ನೇ ಬರೆದುಕೊಂಡರು. ದವಡೆ ಎರಡು ಕಡೆ ಸೀಳಿತ್ತು. ಇದ್ದ ಹಲ್ಲುಗಳಿಗೇ ತಂತಿ ಸುತ್ತಿ ಮೇಲಿನ ದವಡೆಗೂ ಕೆಳಗಿನದಕ್ಕೂ ಬಿಗಿದರು. ಐದು ವಾರ ಬಾಯಿ ತೆರೆಯುವ ಹಾಗಿಲ್ಲ, ಬರೀ ದ್ರವಾಹಾರ ಎಂದರು.

ಮನೆಯ ಅಡುಗೆ ಎರಡು ಪಾಲಾಯಿತು. ಬೆಳಿಗ್ಗೆ ಆರಕ್ಕೆ ಕಾಶವ್ವ ಜೋಳದ ಹಿಟ್ಟಿನ ಅಂಬಲಿ ಕಾಸಿ ತೆಳ್ಳಗೆ ಸೋಸುವಳು. ಹನ್ನೊಂದಕ್ಕೆ ಬೇಳೆಯ ಕಟ್ಟು, ನಾಲ್ಕಕ್ಕೆ ಮಿಕ್ಸರಿನಲ್ಲಿ ತಿರುವಿದ ಬಾಳೆಹಣ್ಣು. ಫೋರ್ಟ್‌ನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದ ಮಾಧುರಿ ಎಂಟೂ ಕಾಲಿಗೆ ಮನೆ ಬಿಡಬೇಕು. ಅಷ್ಟರೊಳಗೆ ಮಾವನ ರಕ್ತ ಹತ್ತಿದ ಟವೆಲು ಒಗೆದು, ಬಾಯಿ ಮುಕ್ಕಳಿಸುವ ನೀರು ಕಾಸಿಟ್ಟು, ಉಳಿದವರ ಡಬ್ಬಿ ಕಟ್ಟಿ ಹೋಗುವಳು. ಸಿದ್ದಲಿಂಗಪ್ಪ ಹಾಲ್‌ನ ಮಂಚದ ಮೇಲೆ ಕೂತು ಹಲ್ಲಿನ ಸಂದಿಯ ಸ್ಟ್ರಾದಿಂದ ಹೀರುವನು. ಹೀರುವ ಸದ್ದು ಮನೆಯಲ್ಲೆಲ್ಲ ಕೇಳಿಸುತ್ತಿತ್ತು.

ಮೂರನೆಯ ದಿನ ಅವನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದು ಕಾಶವ್ವನ ಕೈಗೆ ಕೊಟ್ಟು, ಮಗನಿಗೆ ತೋರಿಸೆಂದು ಸನ್ನೆ ಮಾಡಿದ. ಅವಳಿಗೆ ಓದು ಬಾರದು. ಈಶ್ವರ ಓದಿದ. "ಬಾಯಿ ಬಿಚ್ಚಲಿ. ಚೌಕಿಗೆ ಹೋಗತೇನ. ಬೇಡಿ ಹಾಕಸತೇನ."

"ಏನ್ ಬರದಾರೋ?"

"ಔಷಧಿ ಬೇಕಂತವ್ವಾ," ಎಂದ ಈಶ್ವರ.

ಅದರ ಮುಂದಿನ ಭಾನುವಾರ ಡೊಂಬಿವಲಿಯಿಂದ ತಂಗಿ ರಂಜನಾ ಬಂದಳು. ಬಂದವಳು ಅಪ್ಪನ ಊದಿದ ಮುಖ ನೋಡಿದಳು, ಅಣ್ಣನನ್ನು ನೋಡಿದಳು. ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದಳು.

"ಬಚ್ಚಲದಾಗ ಜಾರಿದ್ದಂತೂ ಅಲ್ಲ. ಯಾರ ಕೆಲಸ ಇದು?"

"ಮೆತ್ತಗ ಮಾತಾಡು," ಎಂದಳು ಕಾಶವ್ವ.

"ನಾ ಯಾಕ ಮೆತ್ತಗ ಮಾತಾಡ್ಲಿ? ಅಣ್ಣನ ಕಿವಿ ಹೋದಾಗೂ ಮೆತ್ತಗ ಅಂದಿ. ನನ್ನ ಕೂದ್ಲಾ ಹಿಡದು ಮೆಟ್ಟಲದಿಂದ ಕೆಳಗ ಎಳದಾಗೂ ಮೆತ್ತಗ ಅಂದಿ. ಎಲ್ಲಾರ ಮನ್ಯಾಗೂ ಇರೂದs ಅಂದಿ."

"ಹೌದು, ಅಂದೆ. ನಿಮ್ಮನ್ನ ಕಟಗೊಂಡು ನಾ ಎಲ್ಲಿ ಹೋಗಬೇಕಾಗಿತ್ತು? ಹೇಳು. ಯಾರ ಮನಿಗೆ ಹೋಗಲಿ?"

ಕಾಶವ್ವ ಕೈಯಲ್ಲಿದ್ದ ಸೌಟನ್ನು ಕಟ್ಟೆಗೆ ಅಪ್ಪಳಿಸಿದಳು. ಬೇಳೆಯ ಕಟ್ಟು ಸಿಡಿದು ಗೋಡೆಯ ಮೇಲೆ ಹರಿಯಿತು. ರಂಜನಾ ಬಟ್ಟೆ ತೆಗೆದುಕೊಂಡು ಗೋಡೆ ಒರೆಸಿದಳು. ಒರೆಸುವಷ್ಟರಲ್ಲಿ ಕಾಶವ್ವ ಆದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಆಮೇಲೆ ಹಾಲ್‌ಗೆ ಬಂದು ಕಿಟಕಿಯ ಹತ್ತಿರ ಕೂತಿದ್ದ ಅಮೋಲ್‌ನ ತಲೆಯ ಮೇಲೆ ಕೈಯಿಟ್ಟಳು.

"ನಿನಗ ಅಜ್ಜ ಹೊಡದರಂತಲ್ಲ. ನೋಡು, ನಿಮ್ಮಪ್ಪ ನಿನ್ನ ಸಲುವಾಗಿ ಕೈ ಎತ್ತಿದ. ನಮ್ಮ ಸಲುವಾಗಿ ಯಾರೂ ಎತ್ತಲಿಲ್ಲಪಾ. ತಪ್ಪೋ ಸರಿಯೋ, ನಿನ್ನ ಸಲುವಾಗಿ ಎತ್ತಿದ."

ಅಮೋಲ್ ಅವಳ ಕೈ ಸರಿಸಿದ.

"ನನಗಾಗಿ ಅಲ್ಲ ಅತ್ತಿ. ಡಿಸ್ಕ್ ಸಲುವಾಗಿ."

"ಏನು?"

"ನನಗ ಹೊಡದ್ರಲ್ಲ ದಾದಾಜಿ, ತೀನ್ ಬಾರ್. ಪಪ್ಪಾ ಚೇರ್ ಮ್ಯಾಲೆ ಕುಂತಿದ್ರು. ‘ಅಪ್ಪಾ, ಬಿಡ್ರಿ.’ ಬಸ್. ಆಮ್ಯಾಲೆ ಡಿಸ್ಕ್ ತೋಡಾ. ತಬ್ ಉಠೇ." ಡಿಸ್ಕು ಮುರಿದಾಗಷ್ಟೇ ಎದ್ದರು ಎನ್ನಲು ಕನ್ನಡಕ್ಕೆ ತಡಕಾಡಿ, ಸಿಗದೆ, ಅಷ್ಟಕ್ಕೇ ನಿಲ್ಲಿಸಿ ಎದ್ದು ಹೊರಗೆ ಹೋದ. ಮೆಟ್ಟಿಲು ಇಳಿಯುವ ಸದ್ದು ನಾಲ್ಕು ಮಹಡಿಯೂ ಕೇಳಿಸಿತು.

ರಂಜನಾ ಅಣ್ಣನ ಕಡೆ ತಿರುಗಿದಳು. ಈಶ್ವರ ನೆಲ ನೋಡುತ್ತಿದ್ದ. ಮಂಚದ ಮೇಲೆ ಸಿದ್ದಲಿಂಗಪ್ಪನ ಮೂಗಿನಿಂದ ಒಂದು ಸದ್ದು ಬಂತು. ನಗೆಯೋ ಕೆಮ್ಮೋ ತಿಳಿಯಲಿಲ್ಲ. ಅವನ ಕೈಯಿಂದ ಸ್ಟ್ರಾ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಡಲು ಈಶ್ವರ ಮಂಚದ ಹತ್ತಿರ ಬಗ್ಗಿದ. ಮುದುಕನ ಎರಡೂ ಮೊಣಕೈಗಳು ತಟ್ಟನೆ ಮುಖಕ್ಕೆ ಅಡ್ಡ ಬಂದವು. ಕಣ್ಣು ಮುಚ್ಚಿಕೊಂಡಿದ್ದ. ಈಶ್ವರ ಸ್ಟ್ರಾ ಹಿಡಿದುಕೊಂಡು ಹಾಗೇ ನಿಂತ. ಮುದುಕ ಕೈ ಇಳಿಸುವುದಕ್ಕೆ ಬಹಳ ಹೊತ್ತಾಯಿತು. ಆಮೇಲೆ ಈಶ್ವರ ಸ್ಟ್ರಾ ತೊಳೆದು ತಂದು ಮಂಚದ ಅಂಚಿಗಿಟ್ಟು ಹಿಂದೆ ಸರಿದ.

ಅಂದಿನಿಂದ ಅವನು ಅಪ್ಪನ ಹತ್ತಿರ ಹೋಗಬೇಕಾದರೆ ದೂರದಿಂದಲೇ, "ಅಪ್ಪಾ, ನೀರು ತಂದೀನಿ" ಎಂದು ಹೇಳಿಕೊಂಡು ಹೋಗತೊಡಗಿದ. ಕಪಾಟು ತೆರೆಯಲಿಲ್ಲ. ಭಾನುವಾರಗಳಲ್ಲಿ ಟಿವಿ ಹಚ್ಚಲಿಲ್ಲ. ಆಫೀಸಿನಲ್ಲಿ ಒಂದು ಇಡೀ ದಿನದ ಕೆಲಸ ಕೆಡಿಸಿ, ಮೇಲಿನವರಿಂದ ಬೈಸಿಕೊಂಡು ಬಂದ.

ಅಮೋಲ್ ಮಾತ್ರ ದಿನದಿಂದ ದಿನಕ್ಕೆ ಬಿರುಸಾದ. ಅಪ್ಪನೊಡನೆ ಮಾತು ಬಿಟ್ಟ. ಲಿಫ್ಟಿನಲ್ಲಿ ವಾಚ್‌ಮನ್ನನ ಕೊರಳಪಟ್ಟಿ ಹಿಡಿದನೆಂದು ಸೊಸೈಟಿಯವರು ಬಂದು ಹೇಳಿ ಹೋದರು. ಕೆಳಗಿನ ಮಹಡಿಯ ತಿಲಕ್ ಅವನ ಓರಗೆಯವನು, ಚಿಕ್ಕಂದಿನಿಂದ ಜೊತೆಗೆ ಆಡಿದವನು. ಕ್ರಿಕೆಟ್ಟಿನ ಜಗಳದಲ್ಲಿ ಅವನ ಮೂಗಿನಿಂದ ರಕ್ತ ಬರುವ ಹಾಗೆ ಗುದ್ದಿ ಬಂದ. ಮಾಧುರಿ ತಿಲಕ್‌ನ ಮನೆಗೆ ಹೋಗಿ ಕೈ ಮುಗಿದು ಬಂದಳು. ಬಂದು ಗಂಡನಿಗೆ ಹೇಳಿದಳು: "ನೀವು ಮಾತಾಡ್ರಿ ಅವನ ಕೂಡ."

"ಏನಂತ ಮಾತಾಡ್ಲಿ? ಹೊಡೀಬ್ಯಾಡ ಅನ್ಲಿ?"

"ಹೌದು, ಹಂಗs ಅನ್ರಿ."

"ನಾ ಅಂದ್ರ ನಗತಾನ ಅವ."

"ನಗಲಿ. ನಕ್ಕರ ನಗಸಿಕೊಳ್ರಿ."

ಈಶ್ವರ ಮಗನ ಹತ್ತಿರ ಹೋಗಲಿಲ್ಲ.

ಐದನೆಯ ವಾರದ ಶನಿವಾರ ಅವನಿಗೆ ಅರ್ಧ ದಿನ. ನಾಲ್ಕೂವರೆಗೆ ಮನೆಗೆ ಬಂದಾಗ ಮಾಧುರಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಕೆಳತುಟಿ ಸೀಳಿತ್ತು. ಎಡಗೈಯ ಮಣಿಕಟ್ಟಿನ ಮೇಲೆ ಬರ್ಫದ ಚೀಲ ಇಟ್ಟುಕೊಂಡಿದ್ದಳು. ನೆಲದಲ್ಲಿ ಬಾಳೆಹಣ್ಣಿನ ರಸ ಚೆಲ್ಲಿತ್ತು.

"ಏನಾತು?"

"ಕಾಲು ಜಾರಿತಪಾ ಪಾಪ ಅಕಿದು, ನೆಲಾ ಹಸೀ ಇತ್ತು," ಎಂದಳು ಕಾಶವ್ವ ಒಲೆಯ ಕಡೆ ನೋಡುತ್ತಾ.

"ನಾ ಜಾರಿಲ್ಲ ಅತ್ತಿ," ಎಂದಳು ಮಾಧುರಿ. "ಈ ಮನ್ಯಾಗ ಯಾರೂ ಇನ್ನ ಜಾರೂದು ಬ್ಯಾಡ. ಅಮೋಲ್‌ಗ, ಅಜ್ಜಗ ಇದನ್ನ ಕೊಟ್ಟು ಬಾ ಅಂದೆ, ಒಗದ. ನಾ ಕಪಾಳಕ್ಕ ಒಂದು ಕೊಟ್ಟೆ. ಅವ ನನ್ನ ಕೈ ತಿರುವಿದ, ಫ್ರಿಜ್ಜಿಗೆ ಒಯ್ದು ಕುಟ್ಟಿದ. ಎರಡು ಸಲ."

ಈಶ್ವರ ಹಾಲ್‌ಗೆ ಬಂದ. ಅಮೋಲ್ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದ. ಉಸಿರು ಜೋರಾಗಿತ್ತು. ಸಿದ್ದಲಿಂಗಪ್ಪ ಮಂಚದ ಮೂಲೆಗೆ ಸರಿದು ದಿಂಬು ಎದೆಗವುಚಿಕೊಂಡಿದ್ದ.

"ಆಯಿಯೇ," ಎಂದ ಅಮೋಲ್. "ಮಾರಿಯೇ. ಹೊಡೀರಿ."

ಈಶ್ವರ ನಿಂತಲ್ಲೇ ನಿಂತ.

"ನಹೀಂ ಮಾರೋಗೇ? ಮಮ್ಮೀ ಸಲುವಾಗಿ ಭೀ ನಹೀಂ?" ಹುಡುಗ ಕಪಾಟಿನ ಬಾಗಿಲು ಎಳೆದ. ಕೈಗೆ ಸಿಕ್ಕ ಪೆಟ್ಟಿಗೆ ತೆಗೆದು ನೆಲಕ್ಕೆ ಅಪ್ಪಳಿಸಿದ. ಒಳಗಿನ ಡಿಸ್ಕುಗಳನ್ನು ಎತ್ತಿ ಮೊಣಕಾಲಿಗೆ ಕೊಟ್ಟು ಮುರಿದ. "ಅಬ್? ಈಗ?" ಇನ್ನೊಂದು ಮುರಿದ. "ಅಬ್?" ಆಮೇಲೆ ಕೇಳುವುದನ್ನು ನಿಲ್ಲಿಸಿ ಬರೀ ಮುರಿಯತೊಡಗಿದ. ಅಡುಗೆಮನೆಯ ಬಾಗಿಲಲ್ಲಿದ್ದ ಕಲ್ಲುಗುಂಡು ತಂದು ಜಜ್ಜಿದ. ಚೂರುಗಳು ಟಿವಿಗೆ, ಗೋಡೆಗೆ, ಮುದುಕನ ಹೊದಿಕೆಗೆ ಬಡಿದವು. ಕಾಶವ್ವ ಬಾಗಿಲಿಗೆ ಬಂದು, "ಅಮ್ಯಾ, ಸಾಕೋ ಸಾಕು," ಎಂದು ಅಳುತ್ತಾ ನಿಂತಳು.

ಈಶ್ವರ ಕುರ್ಚಿಯಲ್ಲಿ ಕೂರಲಿಲ್ಲ, ಹೊರಗೂ ಹೋಗಲಿಲ್ಲ. ಮಗನಿಂದ ಎರಡು ಹೆಜ್ಜೆ ದೂರದಲ್ಲಿ ಎರಡು ಕೈಗಳನ್ನೂ ಬೆನ್ನ ಹಿಂದೆ ಹಿಡಿದುಕೊಂಡು ನಿಂತ. ಒಂದೊಂದು ಹೊದಿಕೆಯ ಬಣ್ಣ ನೋಡಿದರೆ ಅದು ಯಾವುದೆಂದು ಅವನಿಗೆ ಗೊತ್ತಾಗುತ್ತಿತ್ತು. ಮಾಧುರಿ ಬಂದು ಅವನ ಪಕ್ಕ ನಿಂತಳು. ಅವಳೂ ತಡೆಯಲಿಲ್ಲ.

ಒಂದು ಚೂರು ಅಮೋಲ್‌ನ ಅಂಗೈಯಲ್ಲಿ ಆಳಕ್ಕೆ ಇಳಿಯಿತು. ರಕ್ತ ಮೊಣಕೈವರೆಗೂ ಹರಿಯಿತು. ಆಗಲೂ ಇನ್ನೆರಡು ಮುರಿದ. ಆಮೇಲೆ ಚೂರುಗಳ ನಡುವೆಯೇ ಕುಸಿದು ಕೂತು, ಕೈ ಮುಂದೆ ಹಿಡಿದುಕೊಂಡು ಬಿಕ್ಕಿದ.

"ಯಾರೂ ಬರಿಗಾಲಲ್ಲೆ ಅಡ್ಡಾಡಬ್ಯಾಡ್ರಿ," ಎಂದಳು ಮಾಧುರಿ.

ಈಶ್ವರ ಚಪ್ಪಲಿ ಹಾಕಿಕೊಂಡು ಹೋಗಿ ಮಗನ ಎದುರು ಕೂತ. ಅಂಗೈಯಿಂದ ಚೂರು ಎಳೆದ. ತನ್ನ ಅಂಗಿ ಬಿಚ್ಚಿ ಕೈಗೆ ಬಿಗಿಯಾಗಿ ಸುತ್ತಿದ. "ಇವು ನನ್ನವು. ಇದ್ದಷ್ಟೂ ಮುರದರೂ ನಡೀತೈತಿ," ಎಂದ. "ನಿಮ್ಮವ್ವನ ಮ್ಯಾಲೆ ಕೈ ಎತ್ತಿದ್ದು ನಡಿಯೂದಿಲ್ಲ."

"ಆಪ್ ನೇ ಭೀ..."

"ಹೌದು. ನಾನೂ ಎತ್ತಿದೆ. ಅದೂ ನಡಿಯೂದಿಲ್ಲ."

ಅಂಗೈಗೆ ಏಳು ಹೊಲಿಗೆ ಬಿದ್ದವು. ಮನೆಗೆ ಬಂದ ಮೇಲೆ ಚೂರು ಬಳಿಯುವುದಕ್ಕೆ ಒಂದೂವರೆ ತಾಸು ಹಿಡಿಯಿತು. ಮೂರು ಬಕೆಟ್ ತುಂಬಿತು. ಕಸ ಒಯ್ಯುವ ಕಸ್ತೂರಿಬಾಯಿ ಮರುದಿನ ಬೆಳಿಗ್ಗೆ ಬಕೆಟ್ ನೋಡಿ, "ಇದನ್ನ ಹೀಗೇ ಒಯ್ದರೆ ನನ್ನ ಕೈ ಹೋಗತ್ತೆ" ಎಂದು ಮರಾಠಿಯಲ್ಲಿ ಬೈದಳು. ಈಶ್ವರನೂ ಮಾಧುರಿಯೂ ಕೂತು ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ಸುತ್ತಿ ಕಟ್ಟಿ ಕೊಟ್ಟರು. ಕಪಾಟಿನಲ್ಲಿ ಮೂವತ್ತೊಂದು ಡಿಸ್ಕುಗಳು ಉಳಿದಿದ್ದವು. ಸೋಮವಾರ ಈಶ್ವರ ಅವನ್ನು ಒಂದು ಚೀಲಕ್ಕೆ ಹಾಕಿ ಅಂಧೇರಿಗೆ ಒಯ್ದು ಆಫೀಸಿನ ಶೆಲ್ಫಿನಲ್ಲಿಟ್ಟು ಬಂದ. ಬೇಕಾದವರು ನೋಡಲಿ ಎಂದ.

ಗುರುವಾರ ಸಿದ್ದಲಿಂಗಪ್ಪನ ತಂತಿ ಬಿಚ್ಚುವ ದಿನ. ಈಶ್ವರ ರಜೆ ಹಾಕಿದ. ಮುದುಕನನ್ನು ಒಂದು ಕಡೆ ಹಿಡಿದುಕೊಳ್ಳಲು ಅಮೋಲ್‌ನನ್ನೂ ಕರೆದ. ಆಸ್ಪತ್ರೆಯಲ್ಲಿ ತಂತಿ ಕತ್ತರಿಸಿ ತೆಗೆದರು. ಬಾಯಿ ಎರಡು ಬೆರಳಿನಷ್ಟು ತೆರೆಯಿತು. ಹೊರಗೆ ಬಂದು ಟ್ಯಾಕ್ಸಿ ಹತ್ತಿದ ಮೇಲೆ ಈಶ್ವರ ಡ್ರೈವರಿಗೆ ಪೊಲೀಸ್ ಚೌಕಿಗೆ ನಡೆಯಲು ಹೇಳಿದ.

ಸಿದ್ದಲಿಂಗಪ್ಪ ತಿರುಗಿ ನೋಡಿದ.

"ಚೀಟ್ಯಾಗ ನೀವು ಬರದಿದ್ರಲ್ಲಪ್ಪಾ. ಬಾಯಿ ಬಿಚ್ಚೈತಿ. ನಡೀರಿ, ಬರಸೂಣು. ನಾನೂ ಬರ್ತೀನಿ."

ಚೌಕಿಯಲ್ಲಿ ಮೇಜಿನ ಹಿಂದೆ ಒಬ್ಬ ಮಹಿಳಾ ಅಧಿಕಾರಿ ಕೂತಿದ್ದಳು. ಪಕ್ಕದ ಬೆಂಚಿನ ಮೇಲೆ ಏನೋ ಮೊಬೈಲ್ ಕಳ್ಳತನಕ್ಕೆ ಹಿಡಿದು ತಂದ ಇಬ್ಬರು ಗಂಡಾಳುಗಳು ಮುದುಕನ ಬಾಡಿದ ಕೆನ್ನೆಯನ್ನೇ ನೋಡುತ್ತಿದ್ದರು. ಅಧಿಕಾರಿ ಹಿಂದಿಯಲ್ಲಿ ಕೇಳಿದಳು: "ಏನು ಕಂಪ್ಲೇಂಟು, ಬಾಬಾ? ಯಾರು ಹೊಡೆದರು?"

ಸಿದ್ದಲಿಂಗಪ್ಪ ಬೆಂಚಿನ ಕಡೆ ನೋಡಿದ. ಬೆನ್ನು ನೆಟ್ಟಗೆ ಮಾಡಿದ. ಬಿಗಿದ ಬಾಯಿಂದ ಒಂದೊಂದೇ ಮಾತು ಹೊರಡಿಸಿದ.

"ಮುಝೆ ಕೌನ್ ಮಾರೇಗಾ. ನನಗ ಯಾರ್ ಹೊಡಿತಾರ. ಗಿರ್ ಗಯಾ. ಬಿದ್ದೆ."

"ನಾನು ಹೊಡೆದೆ," ಎಂದ ಈಶ್ವರ. "ಇವರ ಮಗ ನಾನು."

"ಗಿರ್ ಗಯಾ," ಎಂದ ಮುದುಕ ಮತ್ತೆ.

ಅಧಿಕಾರಿ ಪೆನ್ನು ಕೆಳಗಿಟ್ಟಳು. "ಮನೆಯಲ್ಲಿ ತೀರ್ಮಾನ ಮಾಡಿಕೊಂಡು ಬನ್ನಿ. ಇದು ಏನು ತಮಾಷೆ?" ಕೈಗೆ ಬ್ಯಾಂಡೇಜು ಕಟ್ಟಿಕೊಂಡು ನಿಂತಿದ್ದ ಅಮೋಲ್ ಕಣ್ಣಿಗೆ ಬಿದ್ದ. "ನೀನು ಯಾರು? ನಿನ್ನ ಕೈಗೆ ಏನಾಯಿತು?"

ಅಮೋಲ್ ಅಪ್ಪನನ್ನು ನೋಡಿದ. ಈಶ್ವರ ಏನೂ ಸನ್ನೆ ಮಾಡಲಿಲ್ಲ.

ಹುಡುಗ ಹಿಂದಿಯಲ್ಲೇ ಹೇಳಿದ. "ಮೊದಲು ಅಜ್ಜ ನನಗೆ ಬೆತ್ತದಿಂದ ಹೊಡೆದರು, ಮೂರು ಸಲ. ಆಮೇಲೆ ಪಪ್ಪಾ ಅಜ್ಜನಿಗೆ ಹೊಡೆದರು, ಎರಡು ಸಲ. ಹೋದ ಶನಿವಾರ ನಾನು ಮಮ್ಮಿಗೆ ಹೊಡೆದೆ. ಮಮ್ಮಿಯ ತುಟಿ ಒಡೆದಿದೆ. ಕೈ ಇನ್ನೂ ಊದಿದೆ." ಕೊನೆಗೆ, "ಮಮ್ಮಿ ಇಲ್ಲಿ ಬಂದಿಲ್ಲ. ಅವರದನ್ನೂ ಬರೆದುಕೊಳ್ಳಿ," ಎಂದ.

ಬೆಂಚಿನ ಮೇಲಿದ್ದ ಒಬ್ಬ ನಗಲು ಹೋಗಿ ಸುಮ್ಮನಾದ. ಅಧಿಕಾರಿ ಮೂವರನ್ನೂ ನೋಡಿದಳು. ಆಮೇಲೆ ಮುದುಕನ ಕಡೆ ತಿರುಗಿ, "ನೀವು ಈ ಹುಡುಗನಿಗೆ ಹೊಡೆದದ್ದು ನಿಜವೇ?" ಎಂದು ಕೇಳಿದಳು.

"ನನ್ನ ಮೊಮ್ಮಗ," ಎಂದ ಸಿದ್ದಲಿಂಗಪ್ಪ. "ಹೊಡದೇನಿ. ಮಾರಾ."

ಅವಳು ಅದನ್ನು ಬರೆದುಕೊಂಡಳು. ಅಮೋಲ್ ಹೇಳಿದ್ದನ್ನು ಅವನು ಹೇಳಿದ ಕ್ರಮದಲ್ಲೇ ಬರೆದಳು. ತನಗೆ ಆದದ್ದಕ್ಕೆ ಮುದುಕ ದೂರು ಕೊಡುವುದಿಲ್ಲ ಎಂದೂ ಬರೆದಳು. ಇನ್ನೊಂದು ಸಲ ಈ ಮನೆಯಿಂದ ಯಾರೇ ಬಂದರೂ ಮೂವರನ್ನೂ ಒಳಗೆ ಹಾಕುತ್ತೇನೆ, ಹೆಂಗಸು ಬೇಕೆಂದರೆ ಇವತ್ತೇ ಬಂದು ಬೇರೆ ದೂರು ಕೊಡಬಹುದು ಎಂದು ಹೇಳಿ ಹಾಳೆ ಮುಂದೆ ತಳ್ಳಿದಳು. ಈಶ್ವರ ಸಹಿ ಮಾಡಿದ. ಅಮೋಲ್ ಎಡಗೈಯಿಂದ ಸೊಟ್ಟಗೆ ಮಾಡಿದ. ಸಿದ್ದಲಿಂಗಪ್ಪ ತಾನು ಹೇಳಿದ ಸಾಲು ಯಾವುದೆಂದು ಕೇಳಿ, ಬೆರಳಿಟ್ಟು ತೋರಿಸಿದ ಮೇಲೆ, ಅದರ ಕೆಳಗೆ ಸಹಿ ಹಾಕಿದ.

ಮನೆಗೆ ಬಂದಾಗ ಮಾಧುರಿ ಬೇಗ ಬಂದು ಪಲ್ಯಕ್ಕೆ ಇಟ್ಟಿದ್ದಳು. ಮುದುಕ ತನ್ನ ಮಂಚಕ್ಕೆ ಹೋದ. ಅಮೋಲ್ ಅಡುಗೆಮನೆಗೆ ಹೋಗಿ, ಚೌಕಿಯಲ್ಲಿ ಹೇಳಿದ್ದನ್ನು ಅವಳೆದುರು ಕನ್ನಡದಲ್ಲಿ ಹೇಳಿದ. ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮಾತು ಸಿಗದ ಕಡೆ ಕಾಶವ್ವ ಎತ್ತಿಕೊಡಲು ಹೋದರೆ ಮಾಧುರಿ ಬೇಡವೆಂದು ಕೈ ತೋರಿಸಿದಳು.

"ಕೇಳಿದೆ," ಎಂದಳು ಕೊನೆಗೆ. "ದೂರು ಕೊಡೂದಿಲ್ಲ. ಆದ್ರ ಮಾಫ್ ಅಂತ ಇವತ್ತ ಹೇಳೂದಿಲ್ಲ. ನಾಳಿಂದ ಅಜ್ಜನ ಟವೆಲು, ನಿನ್ನ ಬಟ್ಟಿ, ನೀನs ಒಗಿ. ಹೊಲಿಗಿ ಬಿಚ್ಚೂತನಾ ಒಂದs ಕೈಲೆ ಒಗಿ. ಈಗ ಕುಂದ್ರು, ಉಣ್ಣು."

ಅಡುಗೆಮನೆಯ ನೆಲದ ಮೇಲೆ ನಾಲ್ಕು ತಾಟು ಹಾಕಿದಳು. ಈಶ್ವರ ಕೂತು ರೊಟ್ಟಿಗೆ ಕೈ ಹಾಕಿದಾಗ, "ನಿಮ್ಮದೂ ಒಂದು ಐತಿ," ಎಂದಳು.

"ನಂದೇನು?"

"ರಂಜನಾ ಮುಂದ ಹೇಳಿದ್ನಲ್ಲ ಅವ, ಡಿಸ್ಕ್ ಸಲುವಾಗಿ ಅಂತ. ನೀವು ಹೌದು ಅಂದಿಲ್ಲ, ಅಲ್ಲ ಅಂದಿಲ್ಲ. ಒಂದು ತಿಂಗಳಾತು."

ಈಶ್ವರ ರೊಟ್ಟಿ ತಾಟಿನಲ್ಲಿಟ್ಟ. ಮಗ ಬಲಗಡೆ ಕೂತಿದ್ದ, ಕೇಳುವ ಕಿವಿಯ ಕಡೆ. ಅವನ ಮುಖ ನೋಡದೆ ಶುರು ಮಾಡಿದವನು ಆಮೇಲೆ ನೋಡಿ ಹೇಳಿದ.

"ಹೌದು. ನಿನಗ ಹೊಡಿಯೂವಾಗ ಎದ್ದು ಬರಬೇಕಂತ ಇತ್ತು. ಕಾಲು ಏಳಲಿಲ್ಲ. ಈ ವಯಸ್ಸಿನ್ಯಾಗೂ ಅಪ್ಪಗ ಅಂಜಿಕಿ ನನಗ. ಡಿಸ್ಕ್ ಮುರದಾಗ ಅಂಜಿಕಿ ಮರತ ಹೋತು. ನಿನ್ನ ಸಲುವಾಗಿ ಮರೀಲಿಲ್ಲ. ಡಿಸ್ಕ್ ಸಲುವಾಗಿ ಮರತೆ."

ಅಮೋಲ್ ಎಡಗೈಯಲ್ಲಿ ರೊಟ್ಟಿ ಮುರಿಯಲು ಹೆಣಗುತ್ತಿದ್ದ. "ಮಾಲೂಮ್ ಥಾ, ಗೊತ್ತಿತ್ತು," ಎಂದ. ಸ್ವಲ್ಪ ಹೊತ್ತಿನ ಮೇಲೆ ತನ್ನ ತಾಟನ್ನು ಅಪ್ಪನ ಕಡೆ ಸರಿಸಿದ. ಈಶ್ವರ ರೊಟ್ಟಿಯನ್ನು ಸಣ್ಣಸಣ್ಣ ತುಂಡು ಮಾಡಿ ಮತ್ತೆ ಅವನ ಮುಂದಿಟ್ಟ.

ಹಾಲ್‌ನಿಂದ ಸಿದ್ದಲಿಂಗಪ್ಪ ನೀರು ಕೇಳಿದ. ಕಾಶವ್ವ ಏಳಲು ನೆಲಕ್ಕೆ ಕೈ ಊರಿದವಳು, ಏನನ್ನೋ ಯೋಚಿಸಿ ಮತ್ತೆ ಕೂತಳು. ಪಲ್ಯ ಹಾಕಿಕೊಂಡು ಉಣ್ಣತೊಡಗಿದಳು. ಮುದುಕ ಇನ್ನೊಂದು ಸಲ ಕೇಳಿದ. ಯಾರೂ ಏಳಲಿಲ್ಲ. ಆಮೇಲೆ ಮಂಚ ಕಿರುಗುಟ್ಟಿತು. ಅವನು ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದ, ಕೂತವರ ಬೆನ್ನ ಹಿಂದಿನಿಂದ ಕೈ ಚಾಚಿ ಮಡಕೆಯಿಂದ ನೀರು ತುಂಬಿಕೊಂಡ. ಕೂರಲು ಅಲ್ಲಿ ಜಾಗ ಇರಲಿಲ್ಲ. ಅರ್ಧ ತೆರೆದ ಬಾಯಿಗೆ ಲೋಟ ಹಿಡಿದು, ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಾ, ನಾಲ್ವರೂ ಉಣ್ಣುವುದನ್ನು ನೋಡುತ್ತಾ ಬಾಗಿಲಲ್ಲೇ ನಿಂತು ಕುಡಿದ.